ನಾನು ಶಿಫಾರಸು ಮಾಡಿದ ಚಿತ್ರದ ಕೊನೆಯ ಮಾತಿನ ಕುರಿತು

ನಮ್ಮ ಕನ್ನಡ ಸಂಘದ ಹಿರಿಯರಲ್ಲಿಯೂ ಈ ಸ್ಮರಣ ಸಂಚಿಕೆಯನ್ನು ಓದುವ ಎಲ್ಲರಲ್ಲಿಯೂ ಮೊದಲಿಗೇ ಒಂದು ಅರಿಕೆ. ನಾನು ಇದುವರೆಗೆ ಲೇಖನವೆಂಬುದನ್ನು ಬರೆದವನಲ್ಲ. ಬರೆದದ್ದೆಲ್ಲವೂ ಅರ್ಜಿ. ಗೋವಾದ ಝುವಾರಿನಗರದ ನಮ್ಮ ಓಣಿಯವರು ಕರ್ನಾಟಕದ ತಮ್ಮ ಊರಿನ ತಹಶೀಲ್ದಾರರಿಗೋ ಶಾಲೆಯ ಮುಖ್ಯೋಪಾಧ್ಯಾಯರಿಗೋ ಕನ್ನಡದಲ್ಲಿ ಕಾಗದ ಕಳುಹಿಸಬೇಕಾದರೆ ನನ್ನಲ್ಲಿಗೆ ಬರುತ್ತಾರೆ. ವಿಷಯ ಮೊದಲು, ವಿವರ ಆಮೇಲೆ, ಕೋರಿಕೆ ಕೊನೆಗೆ ಎಂಬ ಒಂದೇ ಕ್ರಮ ನನಗೆ ತಿಳಿದಿದೆ. ಸದರಿ ಬರಹದಲ್ಲಿ ಆ ಕ್ರಮ ಎಲ್ಲಿಯಾದರೂ ತಪ್ಪಿದ್ದರೆ ಸಂಪಾದಕರು ತಿದ್ದಿಕೊಳ್ಳಬೇಕಾಗಿ ವಿನಂತಿ.

ವಿಷಯ ಇಷ್ಟೇ. ಕನ್ನಡದ ಹತ್ತು ಶ್ರೇಷ್ಠ ಚಲನಚಿತ್ರಗಳ ಪಟ್ಟಿಯೊಂದನ್ನು ಈ ಸಂಚಿಕೆಯಲ್ಲಿ ಪ್ರಕಟಿಸಲು ಸಂಘವು ತೀರ್ಮಾನಿಸಿತು. ಪ್ರತಿ ಸದಸ್ಯನೂ ಒಂದು ಚಿತ್ರವನ್ನು ಸೂಚಿಸಿ, ಅದು ಏಕೆ ಶ್ರೇಷ್ಠ ಎಂಬುದನ್ನು ವಾಸ್ಕೋದ ಸಭಾಗೃಹದಲ್ಲಿ ಭಾನುವಾರ ಎಲ್ಲರೆದುರು ಸಮರ್ಥಿಸಬೇಕೆಂದು ತಿಳಿಸಲಾಯಿತು. ನಾನು ನನ್ನ ಹೆಂಡತಿ ಮೆಚ್ಚಿದ ಚಿತ್ರವನ್ನು ಸೂಚಿಸಿದೆ. ಅವಳು ಕಳೆದ ಮಳೆಗಾಲದಲ್ಲಿ ತೀರಿಕೊಂಡಳು. ನಮಗೆ ಮಕ್ಕಳಿಲ್ಲ. ಅವಳ ಹೆಸರು ಮದುವೆಯ ಕರೆಯೋಲೆಯ ನಂತರ ಎಲ್ಲಿಯೂ ಅಚ್ಚಾದದ್ದಿಲ್ಲ. ಅವಳ ಮನಸ್ಸಿಗೆ ಬಂದ ಒಂದು ಚಿತ್ರದ ಹೆಸರಾದರೂ ಅಚ್ಚಿನಲ್ಲಿ ಉಳಿಯಲಿ ಎಂಬುದಷ್ಟೇ ನನ್ನ ಉದ್ದೇಶವಾಗಿತ್ತು.

ಇನ್ನು ವಿವರ. ನಾನು ಮುರ್ಮುಗಾಂವ್ ಬಂದರಿನಲ್ಲಿ ಹಡಗಿನಿಂದ ಇಳಿಯುವ ಸರಕಿನ ಲೆಕ್ಕ ಬರೆದುಕೊಳ್ಳುವ ಕೆಲಸದಲ್ಲಿದ್ದೇನೆ. ಮದುವೆಯಾದಂದಿನಿಂದಲೂ ನನ್ನದು ನೈಟ್ ಡ್ಯೂಟಿ. ಬೆಳಿಗ್ಗೆ ಪಾವು-ಬ್ರೆಡ್ಡು ಮಾರುವವನು ಸೈಕಲ್ಲಿನ ಹಾರ್ನ್ ಒತ್ತುತ್ತ ಓಣಿಗೆ ಬರುವ ಹೊತ್ತಿಗೆ ನಾನೂ ಬಸ್ಸಿಳಿದು ಬರುತ್ತಿದ್ದೆ. ಕಲ್ಲಿದ್ದಲಿನ ಹಡಗು ಬಂದಿದ್ದರೆ ಮೊಣಕಾಲಿನವರೆಗೂ ಕಪ್ಪು. ಅವಳು ಒಲೆಯ ಮುಂದಿನಿಂದ ತಲೆ ಎತ್ತದೆಯೇ, "ಕೈಕಾಲ ತೊಳಕೊಂಡ ಬರ್ರಿ, ಅನ್ನಕ್ಕ ಇಟ್ಟೇನಿ" ಎನ್ನುತ್ತಿದ್ದಳು. ಬೆಳಿಗ್ಗೆ ಅನ್ನ ಉಂಡು ಮಲಗುವುದು ನಮ್ಮಂಥವರ ಪದ್ಧತಿ. ಜಗತ್ತಿನ ನಾಷ್ಟಾ ನಮಗೆ ರಾತ್ರಿಯೂಟ.

ನಮ್ಮದು ಒಂದೇ ಕೋಣೆ. ಒಂದು ಮೂಲೆಗೆ ಒಲೆ, ಇನ್ನೊಂದಕ್ಕೆ ಟಿವಿ, ನಡುವೆ ನನ್ನ ಹಾಸಿಗೆ. ನಾನು ನಾಲ್ಕರವರೆಗೂ ಮಲಗುತ್ತಿದ್ದೆ. ಜೊತೆಯ ಕೆಲಸಗಾರರು ಹಗಲು ನಿದ್ದೆ ಬಾರದೆ ಕಣ್ಣು ಕೆಂಪು ಮಾಡಿಕೊಂಡು ಬರುತ್ತಿದ್ದರೆ, ನನಗೆ ಮಾತ್ರ ಸುಖನಿದ್ದೆ. "ಪುಣ್ಯಾವಂತ ನೀ" ಎಂದು ಅವರು ಚೇಷ್ಟೆ ಮಾಡುತ್ತಿದ್ದರು. ಅದು ನನ್ನ ದೇಹಗುಣವೆಂದೇ ನಾನು ತಿಳಿದಿದ್ದೆ.

ಮಧ್ಯಾಹ್ನ ಟಿವಿಯಲ್ಲಿ ಹಳೆಯ ಕನ್ನಡ ಚಿತ್ರಗಳು ಬರುತ್ತಿದ್ದವು. ಅವಳು ಅವನ್ನು ತಪ್ಪದೆ ನೋಡುತ್ತಿದ್ದಳು. ಸಂಜೆ ನಾನು ಎದ್ದ ಮೇಲೆ, ಡಬ್ಬಿಗೆ ರೊಟ್ಟಿ ಬಡಿಯುತ್ತ, ಕಥೆಯನ್ನು ಮೊದಲಿನಿಂದ ಹೇಳುತ್ತಿದ್ದಳು. ನಾಯಕನ ಮಾತು ದಪ್ಪ ದನಿಯಲ್ಲಿ, ಅತ್ತೆಯ ಮಾತು ಮೂಗಿನಲ್ಲಿ. ಜಗಳ ಬಂದರೆ ರೊಟ್ಟಿಯ ಮೇಲೆ ಬೀಳುವ ಪೆಟ್ಟೂ ಜೋರಾಗುತ್ತಿತ್ತು. ರಜೆಯ ದಿನ ಅರ್ಜಿ ಬರೆಸುವವರು ಬಂದು ಕೂರುತ್ತಿದ್ದುದರಿಂದ, ನಾನು ಸ್ವತಃ ಯಾವ ಚಿತ್ರವನ್ನೂ ಪೂರ್ತಿ ನೋಡಿದವನಲ್ಲ. ನನ್ನ ಪಾಲಿನ ಸಿನಿಮಾ ಎಂದರೆ ಅವಳು ಹೇಳಿದ್ದು.

ನಾನು ಸೂಚಿಸಿದ ಸದರಿ ಚಿತ್ರದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಕಾರಣ ಮುಂದೆ ತಿಳಿಯುತ್ತದೆ. ಕಥೆ ಚಿಕ್ಕದು. ನದಿಯ ದಂಡೆಗೆ ಒಂದು ಮನೆ. ಗಂಡ ದುಡಿಯಲು ಪರವೂರಿಗೆ ಹೋದವನು ವರ್ಷಗಟ್ಟಲೆ ಬರುವುದಿಲ್ಲ, ಕಾಗದವನ್ನೂ ಹಾಕುವುದಿಲ್ಲ. ಹೆಂಡತಿ ಅವರಿವರ ಗದ್ದೆಯಲ್ಲಿ ದುಡಿದು ದಿನ ನೂಕುತ್ತಾಳೆ. ಕೊನೆಗೊಂದು ದಿನ ಅವನು ಬಂದು ಹೊಸ್ತಿಲಲ್ಲಿ ನಿಲ್ಲುತ್ತಾನೆ. ಒಲೆಯ ಮುಂದೆ ಕೂತಿದ್ದ ಅವಳು ತಲೆ ಎತ್ತುವುದಿಲ್ಲ. ಒಂದು ಮಾತು ಆಡುತ್ತಾಳೆ. ಅವನು ತಿರುಗಿ ಮೆಟ್ಟಿಲಿಳಿದು ನದಿಯ ನೀರಿಗೆ ಕಾಲಿಡುತ್ತಾನೆ. ಒಲೆಯ ಮೇಲೆ ಅನ್ನ ಉಕ್ಕುತ್ತದೆ. ಅಲ್ಲಿಗೆ ಮುಗಿಯಿತು.

ಆ ಒಂದು ಮಾತು ಯಾವುದೆಂದು ನಾನು ಅಂದು ಕೇಳಿದ್ದೆ. "ಏನಂತಾಳ, ಕೈಕಾಲ ತೊಳಕೊಂಡ ಬರ್ರಿ, ಅನ್ನಕ್ಕ ಇಟ್ಟೇನಿ, ಅಂತಾಳ. ಅಷ್ಟ. ಎಲ್ಲಿದ್ರಿ ಅಂತನೂ ಕೇಳೂದಿಲ್ಲ" ಎಂದು ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, ರೊಟ್ಟಿ ಸೀದುಹೋಯಿತೆಂದು ನನ್ನನ್ನೇ ಬೈದಿದ್ದಳು. ಆಮೇಲೆ ಎಷ್ಟೋ ಚಿತ್ರಗಳು ಬಂದವು. ಎಲ್ಲವನ್ನೂ ಅವಳು ಇದರೊಂದಿಗೆ ತೂಗಿ ಕೆಳಗಿಡುತ್ತಿದ್ದಳು.

ಭಾನುವಾರದ ಸಭೆಗೆ ನಾನು ನನ್ನ ಸಮರ್ಥನೆಯನ್ನು ಶುದ್ಧಪ್ರತಿ ಮಾಡಿಕೊಂಡು ಹೋಗಿದ್ದೆ. ಜಗಳ ಆಗಲೇ ಶುರುವಾಗಿತ್ತು. ಖಾನಾವಳಿ ನಡೆಸುವ ಸದಸ್ಯರೊಬ್ಬರು ಪೌರಾಣಿಕ ಚಿತ್ರವೊಂದಕ್ಕೆ ಪಟ್ಟು ಹಿಡಿದಿದ್ದರು. "ದೇವರಿಲ್ಲದ ಪಟ್ಟಿ ಎಂಥಾ ಪಟ್ಟೀರಿ?"

ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಅಧ್ಯಕ್ಷರು ಕನ್ನಡಕ ತೆಗೆದು, "ನಿಮ್ಮ ಸಿನಿಮಾದಾಗ ದೇವರಿಗಿಂತಾ ಅವನ ಕಿರೀಟನ ಭಾಳ ಆ್ಯಕ್ಟಿಂಗ್ ಮಾಡೇತಿ" ಎಂದರು.

"ನಿಮ್ಮದರಾಗ ಹೀರೋ ಮೂರು ತಾಸು ಕೆಮ್ಮತಾನ. ಅದಕ್ಕ ಶ್ರೇಷ್ಠ ಅಂತೀರಿ?"

"ಕೆಮ್ಮು ಖರೇ ಇತ್ತೋ ಮಾರಾಯಾ."

ಹೀಗೆ ನಗೆಯಲ್ಲಿಯೇ ಐದಾರು ಚಿತ್ರಗಳು ಇತ್ಯರ್ಥವಾದವು. ನಂತರ ನನ್ನ ಸರದಿ. ಕಾಗದವನ್ನು ಮೇಜಿನ ಮೇಲಿಟ್ಟು ಓದಿದೆ. ಉಳಿದ ಚಿತ್ರಗಳಲ್ಲಿ ಜನ ಭಾಷಣ ಮಾಡುತ್ತಾರೆ, ಇದರಲ್ಲಿ ಹೆಂಗಸೊಬ್ಬಳು ಮನೆಯ ಮಾತು ಆಡುತ್ತಾಳೆ, ದುಡಿದು ಬಂದವನಿಗೆ ದೊರೆಯಬೇಕಾದ ಸಕಲ ಮರ್ಯಾದೆಯೂ ಆ ಮಾತಿನೊಳಗಿದೆ ಎಂಬುದು ನನ್ನ ವಾದವಾಗಿತ್ತು. ಮಾತನ್ನು ಅವಳು ಹೇಳಿದ ಹಾಗೆಯೇ ಓದಿದೆ.

ಕಾಲೇಜಿನಲ್ಲಿ ಪಾಠ ಹೇಳುವ ಕಾರವಾರದ ಮೇಡಂ ಮೆಲ್ಲಗೆ, "ಸರ್, ಆ ಮಾತು ಚಿತ್ರದಲ್ಲಿ ಇಲ್ಲ ಅನ್ಸುತ್ತೆ" ಎಂದರು. ಇದೆ ಎಂದೆ. ಅಷ್ಟರಲ್ಲಿ ಯಾರೋ ತಮ್ಮ ಮೊಬೈಲಿನಲ್ಲಿ ಚಿತ್ರವನ್ನು ಹುಡುಕಿ, ಕೊನೆಯ ದೃಶ್ಯಕ್ಕೆ ತಂದು, ಮೈಕಿಗೆ ಹಿಡಿದೇಬಿಟ್ಟರು. ಸಭಾಗೃಹದ ತುಂಬ ಒಬ್ಬ ಅಪರಿಚಿತ ಹೆಂಗಸಿನ ದನಿ ಕೇಳಿಸಿತು.

"ನಿಮಗಾಗಿ ಹಚ್ಚಿದ ಒಲೆ ಆರಿ ಎಷ್ಟೋ ಕಾಲವಾಯಿತು. ಇದು ನನ್ನೊಬ್ಬಳ ಅನ್ನ."

"ಸಾಹೇಬ್ರ, ಇಕಿ ಊಟಕ್ಕ ಎಲ್ಲಿ ಕರದ್ಲರಿ? ಕುತಗಿ ಹಿಡದ ಹೊರಗ ಹಾಕಿದ್ಲು!" ಎಂದು ಖಾನಾವಳಿಯವರು ಕೂಗಿದರು. "ಅದೂ ಮೈಸೂರ ಸೀಮಿ ಹೀರೋಯಿನ್ನು, ಧಾರವಾಡದ ಮಾತಿನಾಗ ಕರದ್ಲಂತ! ನೀವು ಬ್ಯಾರೆ ಯಾವುದೋ ಸಿನಿಮಾ ನೋಡೀರಿ."

ಎಲ್ಲರೂ ನಕ್ಕರು. ಅಧ್ಯಕ್ಷರೂ ನಕ್ಕರು. ಅದರಲ್ಲಿ ಕೆಟ್ಟ ಮನಸ್ಸಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

"ನಾ ನೋಡಿಲ್ರಿ" ಎಂದೆ. "ನಮ್ಮನಿಯಾಕಿ ಹೇಳಿದ್ಲು."

ನಗು ನಿಂತಿತು. ನಕ್ಕದ್ದಕ್ಕಿಂತ ಅದು ನಿಂತದ್ದೇ ಕಷ್ಟವಾಯಿತು. ಖಾನಾವಳಿಯವರು ಎದ್ದು ಬಂದು ನನ್ನ ಮುಂದೆ ನೀರಿನ ಬಾಟಲಿ ಇಟ್ಟರು. ಚಿತ್ರವು ಶ್ರೇಷ್ಠವೇ, ಆದರೆ ಕಾರಣ ಬೇರೆ ಎಂದು ಮೇಡಂ ವಿವರಿಸಿದರು. ಕೈಬಿಟ್ಟು ಹೋದವನಿಗೆ ಬಾಗಿಲು ತೆರೆಯದ ಹೆಣ್ಣನ್ನು ಆ ಕಾಲದಲ್ಲಿ ತೋರಿಸುವ ಧೈರ್ಯ ಬೇರೆ ಯಾರೂ ಮಾಡಿರಲಿಲ್ಲವಂತೆ. ಚಿತ್ರ ಪಟ್ಟಿಗೆ ಸೇರಿತು. ಟಿಪ್ಪಣಿಯನ್ನು ಅವರೇ ಬರೆಯುವುದೆಂದು ನಿರ್ಣಯವಾಯಿತು.

ಬಸ್ಸಿನಲ್ಲಿ ಬರುವಾಗ ನನ್ನ ಚಿಂತೆ ಪಟ್ಟಿಯದಾಗಿರಲಿಲ್ಲ. ಅವಳು ಕಥೆಯನ್ನು ಏಕೆ ತಿರುಗಿಸಿ ಹೇಳಿದಳು? ಬೇಕೆಂತಲೇ ಬದಲಿಸಿದಳೆ? ನಾನು ನಿಜವನ್ನು ತಾಳಲಾರೆನೆಂದು ತಿಳಿದಳೆ? ಹಾಗಿದ್ದರೆ ಉಳಿದ ಮಾತುಗಳ ಗತಿಯೇನು? ಈ ಒಂದು ಕೋಣೆಯಲ್ಲಿ, ಹಗಲೆಲ್ಲ ಮಲಗುವ ಗಂಡನ ಜೊತೆ, "ನನಗೇನ ಕಡಿಮಿ ಆಗೇತಿ, ಚಲೋ ಅದೀನಿ" ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ಅದನ್ನೂ ಹೀಗೆಯೇ ತಿರುಗಿಸಿ ಹೇಳಿದ್ದಳೇನೋ ಎಂಬ ಅನುಮಾನ ಹುಟ್ಟಿತು. ತೀರಿಕೊಂಡವರ ಮೇಲೆ ಅನುಮಾನ ಹುಟ್ಟಿದರೆ ವಿಚಾರಿಸುವುದು ಯಾರನ್ನು?

ಮರುದಿನ ಕೆಲಸದಿಂದ ಮರಳಿದಾಗ ಪಕ್ಕದ ಮನೆಯ ಅಕ್ಕ ನಳದ ಹತ್ತಿರ ಪಾತ್ರೆ ತಿಕ್ಕುತ್ತಿದ್ದರು. ಅವರು ವಿಜಯಪುರದ ಕಡೆಯ ಮುಸಲ್ಮಾನರು. ಗಂಡ ಸಾವರ್ಡೆಯಲ್ಲಿ ಅದಿರಿನ ಲಾರಿ ಓಡಿಸುತ್ತಾರೆ. ನನ್ನ ಹೆಂಡತಿಯನ್ನು ಅವರು ತಂಗಿ ಎಂದೇ ಕರೆಯುತ್ತಿದ್ದರು. ಮಧ್ಯಾಹ್ನದ ಸಿನಿಮಾಕ್ಕೆ ನಮ್ಮ ಮನೆಗೇ ಬರುತ್ತಿದ್ದರು. ಕಾಲು ತೊಳೆಯುವ ನೆಪದಲ್ಲಿ ನಿಂತು, ಆ ಚಿತ್ರದ ಕೊನೆಯ ಡೈಲಾಗ್ ಏನೆಂದು ನೆನಪಿದೆಯೇ ಎಂದು ಕೇಳಿದೆ.

"ಯಾವ ಡೈಲಾಗ್ ಅಣ್ಣಾರ? ನಾವು ಒಂದರ ಡೈಲಾಗ್ ಕೇಳೀವೇನು?" ಅವರು ನಕ್ಕುಬಿಟ್ಟರು. "ನೀವು ನಡುವ ಮಲಗಿರತಿದ್ರಿ. ಅಕಿ ಟಿವಿ ಸದ್ದ ಪೂರಾ ಬಂದ್ ಮಾಡತಿದ್ಲು."

ಪೂರ್ತಿಯೇ, ಎಂದು ಕೇಳಿದೆ.

"ಪೂರಾ. ನಾ ಅಂತಿದ್ದೆ, ಏ ತಂಗಿ, ಸ್ವಲ್ಪರ ಇಡ, ಮೂಕರ ಸಂತಿ ನೋಡಿದಂಗ ಆಗತೈತಿ ಅಂತ. ಊಹುಂ. ನಾವು ಇಬ್ಬರೂ ಬಾಯಿಗೆ ಸೆರಗ ಹಿಡಕೊಂಡ ನೋಡತಿದ್ವಿ. ಇವ ಏನಂದ, ಅಕಿ ಏನಂದ್ಲು ಅಂತ ನಾವ ಹೇಳಕೋತಿದ್ವಿ. ಆ ಹೊಳಿ ದಂಡಿ ಸಿನಿಮಾಕ್ಕ ನಮ್ಮಿಬ್ಬರದೂ ಜಗಳನ ಆಗಿತ್ತು. ನಾ ಅಂದೆ, ಬೈಯಾಕತ್ತಾಳ ನೋಡ. ಅಕಿ ಅಂದ್ಲು, ಇಲ್ಲಕ್ಕಾ, ಊಟಕ್ಕ ಕರ್ಯಾಕತ್ತಾಳ, ಅದಕ್ಕ ಅವ ಕಾಲ ತೊಳ್ಯಾಕ ನೀರಿಗೆ ಇಳದಾನ. ಅನ್ನ ಇಟ್ಟಾಳಲ್ಲ, ಕಾಣಸೂದಿಲ್ಲೇನು? ಅಂದ್ಲು."

"ನಿಮ್ಮ ಮನಿಯಾಗ ನೋಡಬಹುದಿತ್ತಲ್ರಿ ಅಕ್ಕಾರ. ಸದ್ದ ಇಟ್ಟ."

"ಕರದೇನ್ರಿ! ಬರತಿದ್ದಿಲ್ಲ. ನಿದ್ದಿಗಣ್ಣಾಗ ಎದ್ದ ನೀರ ಕೇಳತಾರ ಅವರು, ಅಂತಿದ್ಲು." ಅವರು ನನ್ನ ಮುಖ ನೋಡಿದರು. ನಳವನ್ನು ನನಗೆ ಬಿಟ್ಟುಕೊಟ್ಟು, ತಿಕ್ಕದ ಪಾತ್ರೆಗಳ ಸಮೇತ ಒಳಗೆ ಹೋದರು.

ಅಂದು ನಾನು ಮಲಗಲಿಲ್ಲ. ಆ ಚಿತ್ರವನ್ನು ಮೊಬೈಲಿನಲ್ಲಿ ಹುಡುಕಿ, ಸದ್ದು ತೆಗೆದು, ಅವಳು ಕೂರುತ್ತಿದ್ದ ಜಾಗದಲ್ಲಿ ಗೋಡೆಗೊರಗಿ ಮೊದಲಿನಿಂದ ಕೊನೆಯವರೆಗೂ ನೋಡಿದೆ. ಹಾಡಿನಲ್ಲಿ ಬಾಯಿಗಳು ತೆರೆದು ಮುಚ್ಚುತ್ತಿದ್ದವು. ಅವಳು ನನಗೆ ಹಾಡಿ ತೋರಿಸಿದ್ದ ರಾಗ ಅವಳದೇ ಎಂದು ಆಗ ತಿಳಿಯಿತು. ಕೊನೆಯ ದೃಶ್ಯ ಬಂತು. ಗಂಡ ಹೊಸ್ತಿಲಲ್ಲಿ ನಿಂತ. ಚಿತ್ರದ ಹೆಂಗಸು ತಲೆ ಎತ್ತಲಿಲ್ಲ. ತುಟಿಗಳು ಅಲುಗಿದವು. ನಿಜ ಹೇಳಬೇಕೆಂದರೆ, ನನ್ನ ಹೆಂಡತಿಯ ಮಾತು ಆ ತುಟಿಗಳಿಗೆ ಹೊಂದುವುದಿಲ್ಲ. ಅವಳ ಮಾತು ಮುಗಿದ ಮೇಲೂ ತುಟಿ ಅಲುಗುತ್ತದೆ. ಅದು ಅವಳಿಗೂ ಕಂಡಿರಲೇಬೇಕು. ಆದರೂ ಅವನು ನೀರಿಗೆ ಇಳಿಯುವಾಗ ಧೋತರವನ್ನು ಸ್ವಲ್ಪ ಎತ್ತಿ ಹಿಡಿಯುತ್ತಾನೆ, ನಾನು ನಳದ ಮುಂದೆ ಪ್ಯಾಂಟು ಮಡಿಚುವ ಹಾಗೆ. ಅದನ್ನು ಕಂಡ ಮೇಲೆ ಮುಂದಿನದು ನನಗೆ ಸ್ಪಷ್ಟವಾಗಿ ಕಾಣಿಸಲಿಲ್ಲ.

ಅವಳು ಕಥೆಯನ್ನು ತಿರುಗಿಸಿರಲಿಲ್ಲ. ಕಂಡದ್ದನ್ನೇ ಹೇಳಿದ್ದಳು. ಕೇಳಿಸದೆ ಹೋದ ಕಡೆ ತನ್ನಲ್ಲಿದ್ದ ಮಾತನ್ನು ಇಟ್ಟಳು. ಅವಳಲ್ಲಿ ಇದ್ದದ್ದು ಆ ಮಾತು.

ಈಗ ಕೋರಿಕೆ. ಪಟ್ಟಿಯಲ್ಲಿರುವ ಚಿತ್ರ ಹಾಗೆಯೇ ಇರಲಿ. ಮೇಡಂ ಬರೆದ ಕಾರಣ ಸರಿಯಾಗಿದೆ. ಅದನ್ನು ಮೂರು ಸಲ ಓದಿದ್ದೇನೆ, ಆಕ್ಷೇಪವಿಲ್ಲ. ಆದರೆ ಸೂಚಿಸಿದವರು ಎಂಬಲ್ಲಿರುವ ನನ್ನ ಹೆಸರನ್ನು ದಯಮಾಡಿ ತೆಗೆಯಬೇಕು. ನಾನು ಸೂಚಿಸಿದ್ದು ಆ ಚಿತ್ರವಲ್ಲ. ನಾನು ಸೂಚಿಸಿದ್ದನ್ನು ಹುಡುಕಿ ಮೈಕಿಗೆ ಹಿಡಿಯುವುದು ಯಾರಿಂದಲೂ ಆಗದು. ಅದಕ್ಕಾಗಿಯೇ ಹೆಸರನ್ನೂ ಬರೆದಿಲ್ಲ. ಆ ಸ್ಥಳದಲ್ಲಿ ಈ ಬರಹವನ್ನು ಅಚ್ಚು ಮಾಡಿದರೆ ಸಾಕು. ಜಾಗ ಸಾಲದಿದ್ದರೆ ಬಂದರಿನ ವಿವರವನ್ನು ಕಡಿತಗೊಳಿಸಬಹುದು, ಅವಳು ರೊಟ್ಟಿ ಬಡಿದದ್ದನ್ನು ಬೇಡ.

ಇನ್ನೊಂದು ಸಂಗತಿ ತಿಳಿಸಿ ಮುಗಿಸುತ್ತೇನೆ. ಪಕ್ಕದ ಮನೆಯ ಗೋಡೆ ಒಂದೇ ಇಟ್ಟಿಗೆಯದು. ಈಚೆಗೆ ಹಗಲು ನನಗೆ ನಿದ್ದೆ ಬರುವುದಿಲ್ಲ. ಎಚ್ಚರವಾಗಿ ಮಲಗಿದ್ದಾಗ ಗಮನಿಸಿದೆ, ಮಧ್ಯಾಹ್ನದ ಸಿನಿಮಾ ಹೊತ್ತಿಗೆ ಆ ಕಡೆಯಿಂದ ಯಾವ ಸದ್ದೂ ಬರುವುದಿಲ್ಲ. ಒಮ್ಮೆ ಗೋಡೆ ತಟ್ಟಿ, "ಅಕ್ಕಾರ, ಸದ್ದ ಇಟ್ಟ ನೋಡ್ರಿ, ನಾ ಎಚ್ಚರ ಅದೀನಿ" ಎಂದೆ. "ಮಲಕೋರಿ ಅಣ್ಣಾರ" ಎಂದರು. ಟಿವಿ ಸದ್ದು ಮಾತ್ರ ಬರಲಿಲ್ಲ.

ಬೆಳಿಗ್ಗೆ ನಾನು ಈಗಲೂ ನಳದಲ್ಲಿ ಕೈಕಾಲು ತೊಳೆದೇ ಒಳಗೆ ಹೋಗುತ್ತೇನೆ. ಆಮೇಲೆ ಒಲೆ ಹಚ್ಚಿ, ನನ್ನೊಬ್ಬನ ಅನ್ನಕ್ಕೆ ಇಡುತ್ತೇನೆ.