ಕೀಲಿ ಕೊಡದ ಗುಡ್ಡದಕ್ಕ

ಬೆಳಿಗ್ಗೆ ಐದೂವರೆ. ಊರಿನ್ನೂ ಹೊದಿಕೆಯೊಳಗಿದೆ. ಗುಡ್ಡದ ಅರ್ಧ ಎತ್ತರದಲ್ಲಿ ಹೆಂಗಸೊಬ್ಬರು ಮೊಣಕಾಲೂರಿ ಕುಳಿತು, ನೆಲದಲ್ಲಿ ಹುಗಿದ ಕಬ್ಬಿಣದ ಪೆಟ್ಟಿಗೆಯ ಮುಚ್ಚಳ ತೆಗೆದು, ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಇರುವೆ ಗೂಡು ಕೆರೆಯುತ್ತಿದ್ದಾರೆ. "ನಿಮಗೆ ಬೇರೆ ಜಾಗವೇ ಸಿಗ್ಲಿಲ್ವಾ?" ಎಂದು ಇರುವೆಗಳನ್ನು ಗದರುತ್ತಾರೆ. ಕೊರಳ ದಾರದಲ್ಲಿ ಸೈರನ್ನಿನ ಕೀಲಿ ತೂಗುತ್ತಿದೆ. ಆಮೇಲೆ ಎದ್ದು, ಬೂಟುಗಾಲಿನಿಂದ ನೆಲಕ್ಕೆ ಮೂರು ಸಲ ಜೋರಾಗಿ ಒದೆಯುತ್ತಾರೆ. ಕೆಳಗಿನ ಕೋಣೆಯ ಪರದೆಯಲ್ಲಿ ಮೂರು ಗೆರೆ ಎದ್ದಿದ್ದರೆ ಪೆಟ್ಟಿಗೆಯೊಳಗಿನ ಯಂತ್ರದ ಕಿವಿ ನೆಟ್ಟಗಿದೆ ಎಂದರ್ಥ.

ಊರಿಗೆಲ್ಲ ಇವರು ಗುಡ್ಡದಕ್ಕ. ಭೂಕುಸಿತ ಮುನ್ನೆಚ್ಚರಿಕೆ ಕಚೇರಿಯ ಹಾಜರಿ ಪುಸ್ತಕದಲ್ಲಿ 'ತಾತ್ಕಾಲಿಕ ಸಹಾಯಕಿ'. ಆ ತಾತ್ಕಾಲಿಕಕ್ಕೆ ಈಗ ಹತ್ತೊಂಬತ್ತು ವರ್ಷ ತುಂಬಿದೆ! ಆರು ಕಂಪನಮಾಪಕಗಳು, ಎಂಟುನೂರ ನಲವತ್ತು ಮೆಟ್ಟಿಲು, ಬೆನ್ನ ಮೇಲೆ ಹದಿನಾಲ್ಕು ಕಿಲೋ ಬ್ಯಾಟರಿ. ಮಳೆಗಾಲದಲ್ಲಿ ದಿನಕ್ಕೆರಡು ಸಲ ಹತ್ತಿ ಇಳಿಯಬೇಕು. ಗುಡ್ಡ ಜಾರುವ ಮುನ್ನ ಒಳಗೊಳಗೇ ಸಣ್ಣಗೆ ನಡುಗುವುದುಂಟು. ನಮ್ಮ ಕಾಲಿಗೆ ತಿಳಿಯದ ಆ ನಡುಕ ಯಂತ್ರಕ್ಕೆ ತಿಳಿಯುತ್ತದೆ. ಆದರೆ ಯಂತ್ರಕ್ಕೆ ಹಾಲಿನ ವ್ಯಾನೂ ಒಂದೇ, ಗುಡ್ಡವೂ ಒಂದೇ. ಯಾವುದು ಯಾವುದೆಂದು ಹೇಳಬೇಕಾದವರು ಗುಡ್ಡದಕ್ಕ. ಅವರ ನೋಟ್‌ಬುಕ್ಕಿನಲ್ಲಿ ನೆಲ ಅಲುಗಿಸುವ ಎಲ್ಲವೂ ಇದೆ: 5.40ಕ್ಕೆ ಹಾಲಿನ ವ್ಯಾನು, 10.30ಕ್ಕೆ ಶಾಲೆ ಮಕ್ಕಳ ಕುಣಿದಾಟ, 11ಕ್ಕೆ ಕಲ್ಲುಕ್ವಾರಿಯ ಬ್ಲಾಸ್ಟು.

"ನಮ್ಮ ಸೊಸೆಗೆ ಗುಡ್ಡ ಕೆಮ್ಮಿದ್ರೂ ಕೇಳ್ಸುತ್ತೆ. ನಾನು ಕೆಮ್ಮಿದ್ರೆ ಮಾತ್ರ ಕಿವುಡು," ಎಂದು ಅತ್ತೆ ಬಾಗಿಲಲ್ಲೇ ಕುಟುಕುತ್ತಾರೆ. ಹಾಗೆನ್ನುತ್ತಲೇ ಚಹಾದ ಫ್ಲಾಸ್ಕನ್ನು ಸೊಸೆಯ ಕೈಗಿಡುತ್ತಾರೆ.

ನೋಟ್‌ಬುಕ್ಕಿನ ಒಂದು ಪುಟವನ್ನು ಗುಡ್ಡದಕ್ಕ ಯಾರೂ ಕೇಳದೆಯೇ ತೋರಿಸುತ್ತಾರೆ. ಎಂಟು ವರ್ಷದ ಹಿಂದಿನದು. ಒಂದೇ ಆಕಾರದ ಸಣ್ಣ ಕಂಪನ, ಇಪ್ಪತ್ತಾರು ನಿಮಿಷಕ್ಕೊಮ್ಮೆ. ಗಡಿಯಾರದಂತೆ ತಪ್ಪದೆ ಬರುವುದು ಯಾವುದೋ ಮೋಟಾರಿನ ಸದ್ದೇ, ಅದನ್ನು ಹೊಡೆದುಹಾಕಿ ಎಂಬುದು ಕಚೇರಿಯ ನಿಯಮ. ಎಣ್ಣೆ ಮಿಲ್ಲಿನ ಪಂಪಿರಬೇಕೆಂದು ಅವರು ಕೆಂಪು ಪೆನ್ನಿನಿಂದ ಗೀಟೆಳೆದರು. ಅಂತರ ಹದಿನೇಳಕ್ಕೆ, ಆಮೇಲೆ ಒಂಬತ್ತಕ್ಕೆ ಇಳಿದಾಗಲೂ ಗೀಟೆಳೆದರು. ಅಂದು ಮಧ್ಯಾಹ್ನ ಪಶ್ಚಿಮದ ಇಳಿಜಾರು ಮಿಲ್ಲಿನ ಮೇಲೆ ಕುಸಿಯಿತು. ಸತ್ತ ಕಾವಲುಗಾರ ಗುಡ್ಡದಕ್ಕನ ಸೋದರಮಾವ.

"ಪಂಪು ಆವತ್ತು ಕೆಟ್ಟು ನಿಂತಿತ್ತು. ಒಂದು ಫೋನ್ ಮಾಡಿದ್ರೆ ಎತ್ತೋನೇ ಮಾವ. ಪಂಪು ನಿಂತಿದೆ ಅಂತ ಅವನೇ ಹೇಳ್ತಿದ್ದ," ಎನ್ನುತ್ತಾ ಪುಟದ ಮೇಲೆ ಅಂಗೈ ಊರುತ್ತಾರೆ. "ನಿಯಮ ಅವರ್ದು. ಗೀಟು ನಂದು."

ಅಂದಿನಿಂದ ಕಣ್ಣಾರೆ ನೋಡದೆ ಅವರು ಒಂದು ಗೀಟನ್ನೂ ಎಳೆದಿಲ್ಲ. ಈ ಮಳೆಗಾಲದಲ್ಲಿ ಅದೇ ಬಗೆಯ ಕಂಪನ ಮತ್ತೆ ಬಂತು. ಮೂವತ್ತೊಂದು ನಿಮಿಷ, ಇಪ್ಪತ್ನಾಲ್ಕು, ಹದಿನೈದು. ಗುಡ್ಡದಕ್ಕ ಮತ್ತೆ ಕಟ್ಟಿದ ಮಿಲ್ಲಿಗೆ ಓಡಿ, ಮೇಸ್ತ್ರಿಯ ಜೊತೆ ಜಗಳವಾಡಿ ಪಂಪು ನಿಲ್ಲಿಸಿದರು. ಕಂಪನ ನಿಲ್ಲಲಿಲ್ಲ. ಕಚೇರಿಗೆ ಫೋನಾಯಿಸಿದರೆ, "ಸಾಹೇಬ್ರು ಮೀಟಿಂಗಲ್ಲಿದ್ದಾರೆ, ಕಾಯಿರಿ" ಎಂಬ ಉತ್ತರ. ಮೀಟಿಂಗ್ ಮುಗಿಯಲಿ ಎಂದು ಗುಡ್ಡ ಕಾಯುತ್ತದೆಯೇ? ಅವರು ಕೀಲಿ ತಿರುಗಿಸಿಯೇಬಿಟ್ಟರು. ನಲವತ್ಮೂರು ಮನೆಗಳು ಇಪ್ಪತ್ತು ನಿಮಿಷದಲ್ಲಿ ಖಾಲಿಯಾದವು.

ಸಂಜೆಯ ಹೊತ್ತಿಗೆ ನಡುಕ ತಣ್ಣಗಾಯಿತು. ಗುಡ್ಡ ಬೀಳಲಿಲ್ಲ. ತೊಯ್ದು ತೊಪ್ಪೆಯಾದ ಜನ ಬಾಯಿಗೆ ಬಂದಂತೆ ಬೈದರು. ಮರುವಾರ ಕಚೇರಿಯ ಪತ್ರ ಬಂತು: ಅನುಮತಿಯಿಲ್ಲದೆ ಸೈರನ್ ಹಾಕಿದ್ದು ತಪ್ಪು, ಇನ್ನು ಹಾಕುವುದಿಲ್ಲವೆಂದು ಬರೆದುಕೊಟ್ಟು ಸೋಮವಾರದೊಳಗೆ ಕೀಲಿ ಒಪ್ಪಿಸಿ, ಇಲ್ಲವೇ ಕೆಲಸ ಬಿಡಿ.

"ಬರೆದೂ ಕೊಡಲ್ಲ, ಕೀಲಿನೂ ಕೊಡಲ್ಲ," ಎಂದು ಗುಡ್ಡದಕ್ಕ ಕಡ್ಡಿ ಮುರಿದಂತೆ ಹೇಳುತ್ತಾರೆ. "ಬೇಕಾದೋರು ಗುಡ್ಡದ ತುದಿವರೆಗೂ ಹತ್ತಿ ಬಂದು ಕೇಳ್ಲಿ. ಬಂದೋರಿಗೆ ಅಲ್ಲಿರೋ ಬಿರುಕು ತೋರಿಸ್ತೀನಿ." ಗುಡ್ಡದ ಮೇಲಂಚಿನಲ್ಲಿ ಹೊಸದೊಂದು ಬಿರುಕು ಉದ್ದಕ್ಕೆ ಬಾಯಿಬಿಟ್ಟಿದೆ. ಅವರು ಕೈ ಇಳಿಸಿದರೆ ಮೊಣಕೈವರೆಗೂ ಹೋಗುತ್ತದೆ. ಕಚೇರಿಯಿಂದ ಈವರೆಗೆ ಒಬ್ಬರೂ ಮೇಲೆ ಬಂದಿಲ್ಲ.

ಇಷ್ಟೆಲ್ಲ ಆದ ಮೇಲೆ ಏನು ಬೇಕು, ಕೆಲಸ ಕಾಯಂ ಆಗಬೇಕೇ ಎಂದರೆ ನಗುತ್ತಾರೆ. ಬ್ಯಾಟರಿ ಬೆನ್ನಿಗೇರಿಸಿ ಎರಡು ಮೆಟ್ಟಿಲು ಹತ್ತಿ, ತಿರುಗಿ ನಿಲ್ಲುತ್ತಾರೆ.

"ನಾನು ಸೈರನ್ ಹಾಕ್ಬೇಕು, ಜನ ಹೊರಗೆ ಬರ್ಬೇಕು, ಗುಡ್ಡ ಬೀಳ್ಬಾರ್ದು. ಆಮೇಲೆ ಎಲ್ರೂ ಸೇರ್ಕೊಂಡು ನನ್ನ ಬೈಲಿ. ಬೈಯೋಕೆ ಒಬ್ರೂ ಕಮ್ಮಿ ಆಗ್ಬಾರ್ದು, ಅಷ್ಟೇ."