ಮಡಿಲಲ್ಲಿ ಬೀಜ, ಬೀಜಕ್ಕೊಂದು ಸಾಲು

ಬೆಳಗಿನ ಆರು ಗಂಟೆ. ಹೆಗ್ಗದ್ದೆ ಸಮೀಪದ ಕಾಫಿ ಎಸ್ಟೇಟಿನ ಕಣದಲ್ಲಿ ಸುಮನಾ ಟಾರ್ಪಾಲಿನ ಒಂದು ತುದಿ ಹಿಡಿದಿದ್ದಾರೆ. ಇನ್ನೊಂದು ತುದಿ ಜೊತೆ ಕೆಲಸದ ಇಂದ್ರಮ್ಮನ ಕೈಯಲ್ಲಿದೆ. ಮೇಲೆ ಕೂತ ಇಬ್ಬನಿ ಕೆಳಗೆ ಹರಡಿದ ಬೀಜದ ಮೇಲೆ ಚೆಲ್ಲದಂತೆ ಅದನ್ನು ಮಡಚಬೇಕು. ಒಂದು ಕಡೆ ನೀರು ಸುರಿದರೂ ಅಷ್ಟು ಬೀಜ ಮತ್ತೆ ಒಣಗಬೇಕು.

"ನಿಧಾನ ಕಣಮ್ಮಿ, ಸೀರೆ ಮಡಚೋ ಹಂಗೆ," ಎನ್ನುತ್ತಾರೆ ಇಂದ್ರಮ್ಮ. "ನಿಂಗೆಲ್ಲಿ ಸೀರೆ ಮಡಚಕ್ಕೆ ಪುರುಸೊತ್ತು! ಹಾಡು ಬರ್ಕೊಂಡು ಕೂತಿರ್ತೀಯ."

ಸುಮನಾ ನಗುತ್ತಾರೆ. ನಲವತ್ಮೂರು ವರ್ಷದ ಈ ಹೆಣ್ಣುಮಗಳಿಗೆ ಸಂಬಳ ಬರುವುದು ಕಣದಲ್ಲಿ ಬೀಜ ಹರಡಿ, ಸ್ಟೋರಿನಲ್ಲಿ ಅದನ್ನು ಆರಿಸುವುದಕ್ಕೆ. ಅದರ ಜೊತೆಗೇ ಹನ್ನೊಂದು ವರ್ಷಗಳಿಂದ ಅವರು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದಾರೆ. ಸುತ್ತಲಿನ ಕೂಲಿ ಲೈನುಗಳ ಹೆಂಗಸರು ಬಾಯಲ್ಲಿ ಇಟ್ಟುಕೊಂಡಿರುವ ಪದಗಳನ್ನು, ಅಂದರೆ ಹಾಡುಗಳನ್ನು, ಬರೆದಿಡುವ ಕೆಲಸ. ಹದಿನಾಲ್ಕು ನೋಟ್‌ಬುಕ್ಕು, ಮುನ್ನೂರ ಹನ್ನೆರಡು ಪದ. ಅದರಲ್ಲಿ ಅರ್ಧಕ್ಕೂ ಹೆಚ್ಚು ಒಬ್ಬರವೇ, ಅತ್ತೆ ಮುನಿಯಮ್ಮನವು.

ಎಂಟು ಗಂಟೆಗೆ ಸ್ಟೋರಿನ ಜಗಲಿಯಲ್ಲಿ ಒಂಬತ್ತು ಹೆಂಗಸರು ಸಾಲಾಗಿ ಕೂರುತ್ತಾರೆ. ಒಡೆದ ಬೀಜ, ಕಪ್ಪು ಬೀಜ, ಹುಳ ಕೊರೆದ ಬೀಜ ಎಲ್ಲವನ್ನೂ ಬೇರೆ ಮಾಡಬೇಕು. ಒಬ್ಬೊಬ್ಬರೂ ದಿನಕ್ಕೆ ನಲವತ್ತು ಕೇಜಿಯಷ್ಟು ಆರಿಸುತ್ತಾರೆ. ಎಪ್ಪತ್ತಾರರ ಮುನಿಯಮ್ಮ ಹಣ್ಣು ಬಿಡಿಸಲು ಹೋಗುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಯಿತು, ಆದರೆ ಜಗಲಿಯಲ್ಲಿ ಸೊಸೆಯ ಎಡಕ್ಕೆ ಅವರ ಜಾಗ ಹಾಗೇ ಇದೆ. ಕೈ ಬೀಜಕ್ಕೆ ಹೋಗುತ್ತಿದ್ದಂತೆ ಬಾಯಿಗೆ ಪದ ಬರುತ್ತದೆ. ಕೈ ನಿಂತರೆ ಪದವೂ ನಿಲ್ಲುತ್ತದೆ.

ಇದು ಸುಮನಾಗೆ ಮೊದಲು ಗೊತ್ತಿರಲಿಲ್ಲ. ಮೊಬೈಲು ಮುಂದಿಟ್ಟು, ಅತ್ತೆಯನ್ನು ಚಾಪೆಯ ಮೇಲೆ ಕೂರಿಸಿ, "ಹಾಡಿ ಅತ್ತೆ" ಅಂದಿದ್ದರು. ಅತ್ತೆ ಮೊಬೈಲನ್ನೇ ನೋಡಿದರು. "ಇದ್ಕೇನು ಹಾಡ್ಲಿ? ಇದು ಹೂಂ ಅನ್ನಲ್ಲ, ಹಾಂ ಅನ್ನಲ್ಲ."

ಹಾಡುವಾಗ ಕೇಳುವವಳ ಕೈಯೂ ಬಿಡುವಾಗಿರಬಾರದು, ಪೆನ್ನು ಹಿಡಿದರೆ ಬೀಜ ಆರಿಸಲಾಗದು. ಅದಕ್ಕೆ ಸುಮನಾ ಒಂದು ದಾರಿ ಕಂಡುಕೊಂಡಿದ್ದಾರೆ. ಒಂದೊಂದು ಸಾಲು ಕೇಳಿದಾಗಲೂ ಒಂದು ಬೀಜ ಮಡಿಲಿಗೆ. ಊಟದ ಬಿಡುವಿನಲ್ಲಿ ನೆನಪಿದ್ದಷ್ಟು ಸಾಲು ಬರೆದು ಬೀಜ ಎಣಿಸುತ್ತಾರೆ. ಬೀಜ ನಲವತ್ತಾರು, ಸಾಲು ನಲವತ್ತೆರಡು ಆದರೆ ನಾಲ್ಕು ಸಾಲು ತಪ್ಪಿದೆ ಎಂದರ್ಥ. ತಪ್ಪಿದ ಕಡೆ ಖಾಲಿ ಗೆರೆ ಎಳೆಯುತ್ತಾರೆ. ಅತ್ತೆ ಮತ್ತೆ ಅದೇ ಪದ ಹಾಡುವವರೆಗೆ, ತಿಂಗಳಾಗಲಿ ವರ್ಷವಾಗಲಿ, ಆ ಗೆರೆ ಖಾಲಿಯೇ ಇರುತ್ತದೆ.

ಒಮ್ಮೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನಂಜುಂಡಯ್ಯನವರು ಮಡಿಲಿನ ಬೀಜ ನೋಡಿ ತಡೆದಿದ್ದರು. "ಏನಮ್ಮಾ, ಮನೆಗೆ ಕಾಫಿ ಪುಡಿಗಾ?" ಸುಮನಾ ಬೀಜ ಸುರಿದು ತೋರಿಸಿದರು. "ಇದು ಹಾಡು ಸಾರ್, ಲೆಕ್ಕ ಆದ್ಮೇಲೆ ವಾಪಸ್ ಹಾಕ್ತೀನಿ." ನಂಜುಂಡಯ್ಯ ಬೀಜ ನೋಡಿದರು, ಅವರ ಮುಖ ನೋಡಿದರು. "ಇದ್ರಲ್ಲಿ ನಂಗೊಂದು ಲೋಟಾನೂ ಆಗಲ್ಲ, ಹೋಗಮ್ಮ," ಅಂದರು. ಆಮೇಲೆ ಯಾವತ್ತೂ ಕೇಳಿಲ್ಲ.

ಸುಮನಾ ಆಲೂರಿನ ಕಡೆಯವರು, ಪಿಯುಸಿ ಓದಿದವರು. ಇಪ್ಪತ್ತೆರಡು ವರ್ಷದ ಹಿಂದೆ ದೇವೇಂದ್ರನನ್ನು ಮದುವೆಯಾಗಿ ಇಲ್ಲಿಗೆ ಬಂದರು. ಅದಕ್ಕೂ ಎಂಟು ವರ್ಷ ಮೊದಲೇ ಮಾವ ಚಲುವಯ್ಯ ಮನೆಮಂದಿಯೊಂದಿಗೆ ಬೌದ್ಧ ದೀಕ್ಷೆ ಪಡೆದಿದ್ದರು. ಊರ ಗುಡಿಗೆ ತಲೆಮಾರುಗಟ್ಟಲೆ ತಮಟೆ ಬಡಿದ ಮನೆ ಅದು, ಒಳಗೆ ಕಾಲಿಟ್ಟ ಮನೆಯಲ್ಲ. "ಹೊರಗೆ ನಿಲ್ಲಿಸೋ ದೇವ್ರು ನಮಗ್ಯಾಕೆ," ಎಂದು ಚಲುವಯ್ಯ ದೇವರ ಪಟಗಳನ್ನು ಹೊಳೆಗೆ ಬಿಟ್ಟು ಬಂದರು. ಅಂದಿನಿಂದ ಮನೆಯಲ್ಲಿ ಬುದ್ಧನ ಪಟ, ಸಂಜೆಗೆ ಪಂಚಶೀಲ. ಸುಮನಾರ ಮದುವೆಯೂ ಹಾಗೇ, ತ್ರಿಶರಣ ಹೇಳಿ ಆಯಿತು. ಆ ದಿನ ದೇವರ ಹೆಸರಿದ್ದ ಪದಗಳನ್ನು ಯಾರೂ ಹಾಡಲಿಲ್ಲ.

ಹಾಗೆ ಹಾಡದೆ ಉಳಿದದ್ದು ಸೊಸೆ ಪದ. ಹೊಸ ಸೊಸೆ ಹೊಸಲು ದಾಟುವಾಗ ಅತ್ತೆ ಹಾಡಬೇಕಾದ ಪದ. ಈ ಮನೆಗೆ ಬಂದ ಸೊಸೆಯರೆಲ್ಲರ ಹೆಸರು ಅದರಲ್ಲಿದೆ. ಯಾವ ಸೀಮೆಯಿಂದ ಬಂದಳು, ತವರಿನಿಂದ ಏನು ತಂದಳು, ಯಾರು ಅವಳನ್ನು ಕಾಯಲಿ ಎಂದು ಒಬ್ಬೊಬ್ಬಳಿಗೆ ಏಳು ಸಾಲು. ಕೊನೆಗೆ ಹೊಸಬಳ ಹೆಸರು ಸೇರುತ್ತದೆ. ಮುನಿಯಮ್ಮ ಅದರಲ್ಲಿ ಒಂಬತ್ತನೆಯವರು. ಅದನ್ನು ಬಲ್ಲವರು ಈಗ ಅವರೊಬ್ಬರೇ.

"ಎಸ್ಟೇಟಿನ ಹಳೇ ಪುಸ್ತಕದಾಗೆ ನಮ್ಮತ್ತೆ ಹೆಸರು 'ಚಲುವಯ್ಯನ ಹೆಂಡತಿ' ಅಂತ ಐತೆ, ಅಷ್ಟೇಯ," ಎನ್ನುತ್ತಾರೆ ಸುಮನಾ. "ಹೆಸರು ಹಿಡ್ದು ಕರೆಯೋದು ಆ ಪದ ಒಂದೇ. ಅದೂ ಹೋಗ್ಬುಟ್ರೆ ಒಂಬತ್ತು ಜನ ಹೆಂಗಸ್ರು ಈ ಮನೇಲಿ ಬಾಳ್ಲೇ ಇಲ್ಲ ಅಂದಂಗೆ."

ಕೇಳಿದಾಗಲೆಲ್ಲ ಮುನಿಯಮ್ಮನದು ಒಂದೇ ಉತ್ತರ: "ಸೊಸೆ ಬಂದ ದಿನ ಹಾಡೋದು. ಸುಮ್ಸುಮ್ನೆ ಹಾಡೋ ಹಂಗಿಲ್ಲ."

ಇಂಥ ಹೊತ್ತಿನಲ್ಲೇ ಸುಮನಾ ಒಂದು ತಪ್ಪು ಮಾಡಿದರು. ಎರಡು ವರ್ಷದ ಹಿಂದೆ ಅತ್ತೆಯ ನಲವತ್ತು ಪದಗಳನ್ನು ಆರಿಸಿ, ಪರಿಚಯದವರ ನೆರವಿನಿಂದ ಚಿಕ್ಕ ಪುಸ್ತಕ ಮಾಡಿಸಿದರು. ಆಲೂರಿನಲ್ಲಿ ಬುದ್ಧ ಪೂರ್ಣಿಮೆಯ ದಿನ ಅದನ್ನು ಹಂಚುವುದಿತ್ತು. ಅತ್ತೆಯ ಪದಗಳಲ್ಲಿ ಬರುವ ಊರ ದೇವತೆ ಮಾರವ್ವನ ಹೆಸರನ್ನು ಧಮ್ಮದ ಸಭೆಯಲ್ಲಿ ಹೇಗೆ ಓದುವುದು ಎಂದು ಅಂಜಿ, ಮಾರವ್ವ ಬಂದ ಕಡೆಯಲ್ಲೆಲ್ಲ ಬುದ್ಧ ಎಂದು ಬರೆದುಬಿಟ್ಟರು. ಸಭೆಯಲ್ಲಿ ಒಂದು ಹೆರಿಗೆ ಪದ ಓದುತ್ತಿದ್ದಾಗ, ಮುಂದಿನ ಸಾಲಿನಲ್ಲಿ ಕೂತಿದ್ದ ಮುನಿಯಮ್ಮ ಎದ್ದರು.

"ನಮ್ಮಜ್ಜಿ ಹೆರಿಗೇಲಿ ನಿನ್ನ ಬುದ್ಧ ಎಲ್ಲಿದ್ನಮ್ಮಿ? ಮಾರವ್ವ ಇದ್ಲು. ಸುಳ್ಳು ಹೇಳಲ್ಲ ಅಂತ ದಿನಾ ಸಂಜೆ ಹೇಳ್ತೀಯಲ್ಲ, ಇದೇನಿದು?"

ಅಷ್ಟು ಹೇಳಿ ಹೊರಗೆ ಬಂದು ಬಸ್ಸಿಗೆ ಕಾದು ಕೂತರು. ಮರುದಿನದಿಂದ ಜಗಲಿಯಲ್ಲಿ ಕೈ ಆಡಿತು, ಬಾಯಿ ಆಡಲಿಲ್ಲ. ಒಂದು ದಿನವಲ್ಲ, ಎರಡು ದಿನವಲ್ಲ, ಹತ್ತೊಂಬತ್ತು ತಿಂಗಳು.

"ಪಂಚಶೀಲದ ನಾಲ್ಕನೇದು, ಸುಳ್ಳು ಹೇಳಲ್ಲ ಅನ್ನೋದು, ನಂಗೆ ಬಾಯಿಪಾಠ ಇತ್ತು, ಅತ್ತೆಗೆ ಅರ್ಥ ಆಗಿತ್ತು," ಎನ್ನುತ್ತಾರೆ ಸುಮನಾ. ಹಂಚಿದ್ದು ನೂರಾ ಇಪ್ಪತ್ತು ಪ್ರತಿ. ಮಾರವ್ವನ ಹೆಸರು ಮತ್ತೆ ಬರೆಯಲೆಂದು ಅವುಗಳನ್ನು ಹುಡುಕಿಕೊಂಡು ಭಾನುವಾರಗಳಲ್ಲಿ ಮನೆಮನೆ ಸುತ್ತತೊಡಗಿದರು. ಮೊದಲು ಸಿಟ್ಟಾದದ್ದು ಗಂಡ ದೇವೇಂದ್ರ: "ಅಪ್ಪ ಹೊಳೆಗೆ ಬುಟ್ಟಿದ್ದನ್ನ ನೀನು ಪುಸ್ತಕದಾಗೆ ತಂದಿಡ್ತೀಯಾ?"

"ನಾನೇನು ಪೂಜೆ ಮಾಡ್ತಿಲ್ಲ ಕಣ್ರೀ. ನಿಮ್ಮವ್ವ ಏನು ಹಾಡಿದ್ರೋ ಅದ್ನ ಬರೀತಿದೀನಿ. ಮಾವ ಪಟ ಬುಟ್ರು, ಹೆಂಡ್ತೀನ ಬುಟ್ರಾ?"

ಮುಂದಿನ ಭಾನುವಾರ ದೇವೇಂದ್ರ ತಮ್ಮ ಪಿಕಪ್ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿ, "ಹತ್ತು, ಬಸ್ಸಲ್ಲಿ ಎಷ್ಟಂತ ಸುತ್ತೀಯ," ಅಂದರು. ತೊಂಬತ್ತೇಳು ಪ್ರತಿ ಸಿಕ್ಕವು. ಪ್ರತಿಯೊಂದರಲ್ಲೂ ಸುಮನಾ ಕೈಯಾರೆ ಹೆಸರು ತಿದ್ದಿ, ಮೊದಲ ಪುಟದಲ್ಲಿ "ತಪ್ಪು ಬರೆದವಳದು, ಹಾಡಿದವರದಲ್ಲ" ಎಂದು ಬರೆದು, ಅವರವರಿಗೇ ಮರಳಿಸಿದರು. ಕೆಲವರು ಪುಸ್ತಕವೇ ಬೇಡವೆಂದರು. ಬೇಡವೆಂದವರ ಜೊತೆ ಅವರು ವಾದ ಮಾಡಲಿಲ್ಲ.

ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ, ಯಾರೂ ಕೇಳದೆ, ಜಗಲಿಯಲ್ಲಿ ಮುನಿಯಮ್ಮನ ದನಿ ಎದ್ದಿತು. "ಮೊದಲ್ನೆ ಸೊಸಿ ಬಂದ್ಲು" ಎಂಬ ಮೊದಲ ಸಾಲಿಗೇ ಇಂದ್ರಮ್ಮ ಸುಮನಾರ ಮೊಣಕೈ ತಿವಿದರು. ಸೊಸೆ ಪದ! ಅವರೆ ಬೀಜ ಸೆರಗಿಗೆ ಕಟ್ಟಿಕೊಂಡು ಬಂದ ಕೆಂಪವ್ವ, ಕುಡುಗೋಲು ತಂದ ದ್ಯಾವವ್ವ, ಏನೂ ಇಲ್ಲದೆ ಬಂದು ನಗು ತಂದ ಕಾಳವ್ವ, ಒಬ್ಬೊಬ್ಬರೂ ಹೊಸಲು ದಾಟಿ ಒಳಗೆ ಬಂದರು. ಎಲ್ಲರನ್ನೂ ಮಾರವ್ವ ಕಾಯುತ್ತಿದ್ದಳು. ಮಡಿಲಲ್ಲಿ ಅರವತ್ತಮೂರು ಬೀಜ ಬಿತ್ತು. ಪದ ಮುಗಿಯಿತೆಂದು ಸುಮನಾ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ದನಿ ಮತ್ತೆ ಏರಿತು:

"ಹತ್ತನೆ ಸೊಸಿ ಬಂದ್ಲು ಆಲೂರ ಸೀಮಿಂದ
ಪುಸ್ತಕ ತಂದ್ಲು ಸುಮನವ್ವ..."

ಏಳನೆಯ ಸಾಲಿನಲ್ಲಿ ಮುನಿಯಮ್ಮ ತಾವಾಗಿಯೇ "ಬುದ್ಧ ಕಾಯಲಿ" ಎಂದು ಮುಗಿಸಿದರು. ಸುಮನಾಗೆ ಬೀಜ ಹಾಕಿಕೊಳ್ಳಲೂ ಮರೆತುಹೋಯಿತು.

"ಅತ್ತೆ, ಮಾರವ್ವ ಅನ್ಲಿಲ್ಲ ನೀವು?"

"ನೀ ಬಂದಾಗ ಮನೇಲಿದ್ದೋನು ಅವ್ನೇ ತಾನೇ? ಇದ್ದಂಗೆ ಹೇಳ್ಬೇಕು," ಅಂದರು ಮುನಿಯಮ್ಮ. "ಸೊಸೆ ಬಂದ ದಿನ ಹಾಡ್ಲಿಲ್ಲ, ಈಗ ಹಾಡ್ದೆ. ಇಪ್ಪತ್ತೆರಡು ವರ್ಷ ಆದ್ರೇನು, ಸೊಸೆ ಸೊಸೇನೇಯ. ಕೈ ಆಡ್ಸು, ಬೀಜ ಕಾಯ್ತಾ ಐತೆ."

ಸೊಸೆ ಪದದಲ್ಲಿ ಈಗ ಖಾಲಿ ಗೆರೆ ಒಂದೂ ಇಲ್ಲ. ಎಪ್ಪತ್ತು ಸಾಲು, ಹತ್ತು ಹೆಸರು, ಹದಿನಾಲ್ಕನೇ ನೋಟ್‌ಬುಕ್ಕಿನ ನಡುವಿನ ನಾಲ್ಕು ಪುಟ. ಅದನ್ನು ಅಚ್ಚು ಮಾಡಿಸುವ ಅವಸರ ಸುಮನಾಗಿಲ್ಲ. ಮಗನಿನ್ನೂ ಹಾಸನದಲ್ಲಿ ಓದುತ್ತಿದ್ದಾನೆ, ಅವನ ಮದುವೆಗೆ ಐದಾರು ವರ್ಷವಾದರೂ ಇದೆ. ಅಷ್ಟರಲ್ಲಿ ಪದ ನೋಡದೆ ಹೇಳುವಂತಾಗಬೇಕು. ದಿನಕ್ಕೆ ಎರಡು ಸಾಲು, ಬೀಜ ಆರಿಸುತ್ತಾ, ಕಲಿಯುತ್ತಿದ್ದಾರೆ.

"ಇವ್ಳ ದನಿಗೆ ಕಣದ ಕಾಗೆ ಎಲ್ಲ ಎದ್ದೋಗ್ತವೆ, ನಮ್ಗೆ ಬೀಜ ಕಾಯೋ ಕೆಲ್ಸ ತಪ್ತು," ಎನ್ನುತ್ತಾರೆ ಇಂದ್ರಮ್ಮ.

"ಹೋಗ್ಲಿ ಬುಡಕ್ಕ," ಎನ್ನುತ್ತಾರೆ ಸುಮನಾ, ಕಪ್ಪು ಬೀಜವೊಂದನ್ನು ಪಕ್ಕಕ್ಕೆ ತಳ್ಳುತ್ತಾ. "ದನಿ ಹೆಂಗಾರ ಇರ್ಲಿ. ಬರೋ ಹುಡ್ಗಿ ಯಾವ ಸೀಮೆಯೋಳು, ಏನು ತಂದ್ಲು, ಯಾರ್ನ ನಂಬ್ತಾಳೆ ಅಂತ ಅವಳ್ನೇ ಕೇಳಿ ಏಳು ಸಾಲು ಕಟ್ಬೇಕು. ನಾನು ಕಟ್ಟೋದು ಆ ಏಳು ಸಾಲು ಅಷ್ಟೇಯ."