ಹುಣಸೆಹಣ್ಣು ತಗುಲಿದ ಮುಚ್ಚಳ

ಅಂಕಲ್ ಅವರ ಬಲಗೈ ನಡುಬೆರಳು ಮೊದಲ ಗೆಣ್ಣಿನಲ್ಲಿ ತುಸು ಸೊಟ್ಟಗಿತ್ತು. ಮಣ್ಣಿನಿಂದ ಮಾಡಿದ ಯಾವ ವಸ್ತು ಕಂಡರೂ ಆ ಗೆಣ್ಣಿನಿಂದ ಎರಡು ಸಲ ತಟ್ಟಿ, ಸಂತೆಯಲ್ಲಿ ಮಡಕೆ ಕೊಳ್ಳುವವರ ಹಾಗೆ ತಲೆ ವಾಲಿಸಿ ಕೇಳುತ್ತಿದ್ದರು. ಕೆಫೆಯ ಕಪ್, ಪಕ್ಕದ ಮನೆಯ ಹೂಕುಂಡ, ಯಾವುದನ್ನೂ ಬಿಡುತ್ತಿರಲಿಲ್ಲ. ಒಮ್ಮೆ ನನ್ನ ಕಾಫಿ ಮಗ್ ತಟ್ಟಿ, "ಇದ್ರಲ್ಲಿ ಬಿರುಕಿದೆಯಮ್ಮ," ಎಂದರು. ನಾನು ಕುಡಿಯುವುದನ್ನು ಮುಂದುವರಿಸಿದೆ.

ಎರಡು ಸಾವಿರದ ಆಚೀಚಿನ ವರ್ಷಗಳಲ್ಲಿ ಸಿಡ್ನಿಯಲ್ಲಿ ಎಂ.ಎ. ಓದುವಾಗ, ಪ್ಯಾರಮಟ್ಟಾದ ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಮೈಸೂರಿನವರು, ನಿವೃತ್ತ ಎಂಜಿನಿಯರ್. ಭಾನುವಾರದ ಹಳೆ ಸಾಮಾನಿನ ಮಾರುಕಟ್ಟೆಗಳಿಂದ ಜರ್ಮನಿಯ ಪುರಾತನ ಬಿಯರ್ ಮಗ್‌ಗಳನ್ನು ಹುಡುಕಿ ತರುತ್ತಿದ್ದರು: ಸುಟ್ಟ ಮಣ್ಣಿನವು, ಹಿಡಿಕೆಗೆ ತವರದ ಮುಚ್ಚಳ ಬಿಗಿದವು. ಬಿಯರನ್ನು ಮಾತ್ರ ಜನ್ಮದಲ್ಲಿ ಮುಟ್ಟಿದವರಲ್ಲ. ಆಂಟಿ ಅವನ್ನು ಅಡುಗೆಮನೆ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. "ಕುಡುಕರ ಎಂಜಲು ಪಾತ್ರೆ, ಗರಾಜಲ್ಲೇ ಇರ್ಲಿ. ಕಾರು ಬೇಕಾದ್ರೆ ಹೊರಗೆ ನೆನೀಲಿ!"

ಪ್ರತಿ ಮಗ್ಗಿಗೂ ಒಂದು ಕಾರ್ಡು. ಅದರಲ್ಲಿ ಮಗ್ಗಿನ ಸ್ಥಿತಿಗತಿ ಟೈಪ್ ಮಾಡುವುದು, ನಾನು ಒಪ್ಪಿಕೊಂಡ ನೆನಪೇ ಇಲ್ಲದಿದ್ದರೂ, ನನ್ನ ಕೆಲಸ. ಒಮ್ಮೆ "ಚೆನ್ನಾಗಿದೆ" ಎಂದು ಬರೆದೆ.

"ಅದು ನಿನ್ನ ಅಭಿಪ್ರಾಯ. ನಿನ್ ಹತ್ರ ಇಟ್ಕೋ. ಕಂಡಿಶನ್ ಬರಿ."

ಅಂಚಿನಲ್ಲಿ ಎದ್ದಿರುವ ಚಕ್ಕೆ ಅಕ್ಕಿಕಾಳಿನಷ್ಟೋ ಜೀರಿಗೆಯಷ್ಟೋ ಎಂದು ಅರ್ಧ ಗಂಟೆ ಚರ್ಚೆ. ನಾಳೆ ನನ್ನ ಪ್ರಬಂಧ ಒಪ್ಪಿಸಬೇಕೆಂದರೆ, "ಅದ್ರಲ್ಲೂ ಬರೀ ಅಭಿಪ್ರಾಯಾನೇ ತಾನೇ?" ಎನ್ನುತ್ತಿದ್ದರು.

ಅವರ ಬಳಿ ಒಂದೇ ಒಂದು ಮಗ್ ಯಾವ ಊನವೂ ಇಲ್ಲದ್ದು: ಬೂದು ಮೈ, ನೀಲಿ ಹೂ, ಕಾಡಿಗೆಯಂತೆ ಕಪ್ಪಾದ ಮುಚ್ಚಳ. ಮೆಲ್ಬರ್ನ್‌ನಲ್ಲಿ ಇಂಥ ಮಗ್ ಸಂಗ್ರಹಿಸುವವರ ಕೂಟವೊಂದು ವರ್ಷಕ್ಕೊಮ್ಮೆ ಸೇರುತ್ತಿತ್ತು. ಅಲ್ಲಿನ ಮುಖ್ಯ ಮೇಜಿನ ಮೇಲೆ ತಮ್ಮ ಮಗ್ ಕೂರಬೇಕೆಂದು ಆರು ವರ್ಷದಿಂದ ಪತ್ರ ಬರೆಯುತ್ತಿದ್ದರು. ಕೊನೆಗೂ ಕರೆ ಬಂತು. ಜೊತೆಗೆ ನಾನೂ ಹೊರಡಬೇಕಾಯಿತು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವರು ಕ್ಷೌರಕ್ಕೆ ಹೋಗಿದ್ದರು. ನಾನು ಆಂಟಿಯ ಜೊತೆ ಹುಣಸೆಹಣ್ಣು ಹಾಕಿ ದೇವರ ದೀಪಗಳನ್ನು ಉಜ್ಜುತ್ತಿದ್ದೆ. ಆ ಮುಚ್ಚಳ ನೆನಪಾಯಿತು. ಅಷ್ಟು ಜನರ ಮುಂದೆ ಮಸಿ ಹಿಡಿದ ಪಾತ್ರೆ ಇಡುವುದೇ? ಗರಾಜಿಗೆ ಹೋಗಿ ಉಜ್ಜಿದೆ. ಬೆಳ್ಳಗೆ ಫಳಫಳ ಹೊಳೆಯಿತು.

ಅಂಕಲ್ ಬಂದು ನೋಡಿ, ಹತ್ತಿರವಿದ್ದ ಪೇಂಟ್ ಡಬ್ಬದ ಮೇಲೆ ಕುಳಿತುಬಿಟ್ಟರು. "ಆ ಕಪ್ಪು ಬರೋಕೆ ನೂರು ವರ್ಷದ ಮೇಲೆ ಹಿಡಿದಿತ್ತಮ್ಮ," ಎಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎದ್ದು, "ಕಾರ್ಡ್ ತಗೋ. ಬರಿ," ಎಂದರು.

ಬರೆದೆ: "ಮುಚ್ಚಳವನ್ನು ಹುಣಸೆಹಣ್ಣಿನಿಂದ ಉಜ್ಜಲಾಗಿದೆ. ಹಳೆಯ ಕಪ್ಪು ಹೋಗಿದೆ."

ಮೆಲ್ಬರ್ನ್‌ನಲ್ಲಿ ಕೂಟದ ಅಧ್ಯಕ್ಷರು ಕಾರ್ಡು ಓದಿ, ಮಗ್ಗನ್ನು ಮುಖ್ಯ ಮೇಜಿನಿಂದೆತ್ತಿ ಟೀ ಇಟ್ಟಿದ್ದ ಮೇಜಿನ ತುದಿಗೆ ಸರಿಸಿದರು. ಯಾರು ಹೀಗೆ ಮಾಡಿದ್ದು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುನ್ನವೇ ಅಂಕಲ್, "ನಮ್ಮ ಮನೆಯಲ್ಲಿ ಆದದ್ದು," ಎಂದು ಇಂಗ್ಲಿಷಿನಲ್ಲಿ ಹೇಳಿ, ಹುಣಸೆಹಣ್ಣೆಂದರೇನು, ಸಾರಿಗೆ ಅದು ಎಷ್ಟು ಬೇಕು ಎಂದು ವಿವರಿಸತೊಡಗಿದರು. ಜನ ಸೇರಿದರು. ಮಗ್ಗಿನತ್ತ ಒಬ್ಬರೂ ತಿರುಗಿ ನೋಡಲಿಲ್ಲ.

ಟ್ರಾಮಿನಲ್ಲಿ ನನಗೆ ತಡೆಯಲಾಗಲಿಲ್ಲ. "ನಾನು ಮಾಡಿದ್ದು ಅಂತ ಹೇಳ್ಬೇಕಿತ್ತು, ಅಂಕಲ್! ಅದನ್ಯಾಕೆ ಕಾರ್ಡಲ್ಲಿ ಬರೆಸ್ಲಿಲ್ಲ?"

"ಕಾರ್ಡಲ್ಲಿ ಮಗ್ಗಿನ ಕಂಡಿಶನ್ ಬರೀತೀವಿ, ಮನುಷ್ಯರದ್ದಲ್ಲ," ಎಂದು ಕಿಟಕಿಯತ್ತ ತಿರುಗಿದರು.

ಓದು ಮುಗಿಸಿ ನಾನು ಮೆಲ್ಬರ್ನ್‌ಗೆ ಬಂದೆ. ಕೆಲವು ವರ್ಷಗಳ ನಂತರ ಅಂಕಲ್ ತೀರಿಕೊಂಡರು. ತಿಂಗಳು ಕಳೆದು ಆಂಟಿ ಅಲ್ಲಿನ ಟ್ರುಗನಿನಾ ಬಡಾವಣೆಯ ನನ್ನ ಮನೆಗೆ ಬಂದರು. ಹಳೆ ರೇಷ್ಮೆ ಸೀರೆಯಲ್ಲಿ ಸುತ್ತಿದ್ದ ಮಗ್ಗನ್ನು ತಾವೇ ನನ್ನ ಅಡುಗೆಕಟ್ಟೆಯ ಮೇಲಿಟ್ಟು, "ತಗೊಳ್ಳೆ, ನಿಂಗೇ ಕೊಡ್ಬೇಕಂತೆ," ಎಂದರು.

ಒಳಗೆ ಅದೇ ಕಾರ್ಡು. ನಾನು ಟೈಪ್ ಮಾಡಿದ ಸಾಲುಗಳ ಕೆಳಗೆ ಅವರ ಕೈಬರಹ, ವರ್ಷಕ್ಕೊಂದು ಸಾಲು: "ಮುಚ್ಚಳ ಹಾಗೇ ಇದೆ." "ಹಿಡಿಕೆಯ ಕಡೆ ತುಸು ಮಸುಕು." "ಮಸುಕು ಹೆಬ್ಬೆರಳಿನಷ್ಟು." ಕೊನೆಯ ಸಾಲು: "ಇನ್ನು ಅವಳು ಬರೆಯಲಿ. ಉಜ್ಜದಿರಲಿ."

ಅಂಕಲ್ ಹೋದ ಮೇಲೂ ನನಗೆ ಟೈಪಿಂಗ್ ಕೆಲಸ ತಪ್ಪಲಿಲ್ಲ. ವರ್ಷಕ್ಕೊಮ್ಮೆ ಮಗ್ಗನ್ನು ಬೆಳಕಿಗೆ ಹಿಡಿದು ನೋಡಿ ಬರೆಯುತ್ತೇನೆ. ಈ ಸಲ ಕಪ್ಪು ಮುಚ್ಚಳದ ಅರ್ಧಕ್ಕೆ ಬಂದಿದೆ. ಅಷ್ಟನ್ನೇ ಬರೆದೆ. ಅಭಿಪ್ರಾಯ ನನ್ನ ಹತ್ತಿರವೇ ಇದೆ.